ಬನಹಟ್ಟಿಯ ಬೇಸಿಗೆ, ಅವ್ವನ ಭುಜ

ಗಂಜಿ ಹಚ್ಚಿದ ನೂಲು ಬಿಸಿಲಿಗೆ ಒಣಗುವಾಗ ಒಂದು ನಮೂನೆ ಹುಳಿ ವಾಸನೆ ಬರುತ್ತದೆ. ಅದಕ್ಕೆ ಸಾಂಬ್ರಾಣಿ ಹೊಗೆ ಬೆರೆತರೆ ನನಗೆ ಒಂದೇ ಒಂದು ಬೇಸಿಗೆ ನೆನಪಾಗುತ್ತದೆ. ಹೋದ ತಿಂಗಳು ಅವ್ವನೂ ನಾನೂ ಬನಹಟ್ಟಿಗೆ ಹೋಗಿದ್ದೆವು. ನಮ್ಮ ಹಳೆಯ ನೆರೆಮನೆಯ ಸಾರವ್ವನ ಮೊಮ್ಮಗಳ ಜ್ಞಾನಸ್ನಾನ. ಚರ್ಚಿನಿಂದ ಬಂದು ಸಾರವ್ವನ ಮನೆಯ ಕಟ್ಟೆಯ ಮೇಲೆ ಕೂತಾಗ ಆಚೆ ಮಗ್ಗದ ಶೆಡ್ಡಿನ ಗಂಜಿ, ಈಚೆ ನನ್ನ ಅಂಗಿಗೇ ಅಂಟಿಕೊಂಡಿದ್ದ ಸಾಂಬ್ರಾಣಿ. ಮೂಗು ಎಬ್ಬಿಸಿದ ನೆನಪು ಸುಳ್ಳಾಗುವುದಿಲ್ಲ ಎಂದು ಜನ ನಂಬುತ್ತಾರೆ. ನನಗೆ ಆ ನಂಬಿಕೆ ಇಲ್ಲ. ವಾಸನೆ ಎಬ್ಬಿಸುತ್ತದೆ ಅಷ್ಟೇ. ಎದ್ದು ಬಂದದ್ದು ಖರೆಯೋ ಕಟ್ಟುಕತೆಯೋ ಎಂದು ಅದು ವಿಚಾರಿಸುವುದಿಲ್ಲ.

ಆ ವರ್ಷ ನಾನು ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಬಂದು ಜಮಖಂಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಬೆಳಿಗ್ಗೆ ಬನಹಟ್ಟಿಯಿಂದ ಬಸ್ಸು, ಮಧ್ಯಾಹ್ನ ವಾಪಸು. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ಕೊನೆಯ ಟ್ರ್ಯಾಕ್ಟರುಗಳು ರಸ್ತೆ ತುಂಬ ಎಲೆ ಉದುರಿಸಿಕೊಂಡು ಹೋಗುತ್ತಿದ್ದವು. ಏನನ್ನು ಕಂಡರೂ ಇದರ ಹಿಂದೆ ಏನಿದೆ ಎಂದು ಕೇಳುವ ಚಟ ನನಗೆ ಹತ್ತಿತ್ತು. ಊರಿನವರಿಗೆ ಅದು ಗೊತ್ತಿತ್ತು. ನಾನು ಚಹಾ ಕುಡಿದರೂ, "ನೋಡ್ಕೋಂತ ಕುಡೀಪಾ ಮೋಹನ, ಅದರಾಗೂ ಏನಾರ ಇದ್ದೀತು," ಎಂದು ಸಾರವ್ವ ಕಾಲೆಳೆಯುತ್ತಿದ್ದಳು.

ಅವ್ವನ ಹೆಸರು ಮಾರ್ಥವ್ವ. ಅಪ್ಪ ನಾನು ಸಾಲಿಗೆ ಹೋಗುವಾಗಲೇ ತೀರಿಕೊಂಡಿದ್ದ. ಅವ್ವ ಪಾವರ್‌ಲೂಮ್ ಶೆಡ್ಡಿನಲ್ಲಿ ದುಡಿದು ನನ್ನನ್ನು ಓದಿಸಿದಳು. ಆ ಚಳಿಗಾಲದಲ್ಲಿ ಶೆಡ್ಡಿನ ಎಣ್ಣೆ ನೆಲದ ಮೇಲೆ ಜಾರಿ ಬಿದ್ದು ಅವಳ ಬಲಭುಜ ಹಿಡಿದುಕೊಂಡಿತ್ತು. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಜಮಖಂಡಿಯ ಡಾಕ್ಟರು ಎಲುಬು ಮುರಿದಿಲ್ಲ, ವ್ಯಾಯಾಮ ಮಾಡಬೇಕು, ಬಿಟ್ಟರೆ ಕೈ ಹಾಗೆಯೇ ಸೆಟೆದು ನಿಲ್ಲುತ್ತದೆ ಎಂದಿದ್ದರು. ಗೋಡೆಗೆ ಬೆರಳು ಹಚ್ಚಿ ನಿಧಾನಕ್ಕೆ ಮೇಲೆ ಏರಿಸುವುದು. ಅವ್ವನಿಗೆ ಅದು ಅಪಮಾನ. "ಹಲ್ಲಿ ಹತ್ತಿದಂಗ ಗ್ವಾಡಿ ಹತ್ತಂತಾರಲ್ಲೋ ನನಗ," ಎನ್ನುತ್ತಿದ್ದಳು. ನಾನು ಕಾಲೇಜಿಗೆ ಹೋದ ಮೇಲೆ ಮಾಡುತ್ತಿರಲಿಲ್ಲ. ಗೋಡೆಯ ಮೇಲಿನ ಎಣ್ಣೆ ಬೆರಳಿನ ಗುರುತು ಎತ್ತರವಾಗದೆ ಅಲ್ಲೇ ನಿಂತಿದ್ದರಿಂದ ನನಗೆ ಅದು ಗೊತ್ತಾಗುತ್ತಿತ್ತು.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಆ ತಪಸ್ಸುಕಾಲದಲ್ಲಿ ನಮ್ಮ ಸಣ್ಣ ಚರ್ಚಿಗೆ ಬ್ರದರ್ ರೋಶನ್ ಬಂದರು. ಕರಾವಳಿ ಕಡೆಯವರು, ಪಾದ್ರಿಯಲ್ಲ, ಊರೂರಿಗೆ ಹೋಗಿ ಧ್ಯಾನಕೂಟ ನಡೆಸುವ ಗೃಹಸ್ಥ. ಬಿಳಿ ಜುಬ್ಬಾ, ಕೀಬೋರ್ಡು, ಎರಡು ದೊಡ್ಡ ಸ್ಪೀಕರು. ಅಲ್ಲಿಯತನಕ ನಮ್ಮ ಪೂಜೆ ಎಂದರೆ ಕೈ ಮುಗಿದು ನಿಲ್ಲುವುದು, ಗಂಟೆ ಬಾರಿಸಿದಾಗ ಮೊಣಕಾಲೂರುವುದು, ಕೆಮ್ಮು ಬಂದರೂ ತಡೆದುಕೊಳ್ಳುವುದು. ಬ್ರದರ್ ಬಂದ ಮೇಲೆ ಶನಿವಾರದ ಮಧ್ಯಾಹ್ನಗಳು ಬೇರೆಯೇ ಆದವು. ಚಪ್ಪಾಳೆ. ಕಣ್ಣು ಮುಚ್ಚಿ ತೂಗಾಟ. ಎರಡೂ ಕೈ ಆಕಾಶಕ್ಕೆ. "ಸ್ತೋತ್ರ, ಯೇಸುವೇ ಸ್ತೋತ್ರ" ಎಂಬುದು ವೇಗ ಹಿಡಿದು, ಶಬ್ದಗಳ ಅಂಚು ಸವೆದು, ಯಾವ ಭಾಷೆಯೂ ಅಲ್ಲದ ಭಾಷೆಯಾಗುತ್ತಿತ್ತು. ಲಾಳಿ ಓಡುವ ಸದ್ದಿನಲ್ಲೇ ಬದುಕಿದ ಹೆಂಗಸರಿಗೆ ಆ ಲಯ ಎಷ್ಟು ಬೇಗ ಬಾಯಿಗೆ ಬಂತೆಂದರೆ ಬ್ರದರ್ ಅವರಿಗೇ ಅಚ್ಚರಿ. ಕೆಲವರು ತಲೆಯ ಮೇಲೆ ಕೈ ಇಟ್ಟ ಕೂಡಲೇ ಹಿಂದಕ್ಕೆ ಬೀಳುತ್ತಿದ್ದರು.

ನಾನು ಬಾಗಿಲ ಹತ್ತಿರ, ಚಪ್ಪಲಿಗಳ ನಡುವೆ ನಿಂತು ನೋಡುತ್ತಿದ್ದೆ. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಜಮಖಾನೆ. ಯಾರೂ ಬೀಳುವ ಮುಂಚೆಯೇ ಅದನ್ನು ಮುಂದೆ ಹಾಸಿರುತ್ತಿದ್ದರು. ಸಾರವ್ವನಿಗೆ ಹೇಳಿದೆ: "ದೇವರ ಆತ್ಮ ಎಲ್ಲಿ ಬೀಳಸ್ತಾನಂತ ಜಮಖಾನಿಗೆ ಮೊದಲ ಗೊತ್ತಿರ್ತೈತೇನ?"

"ಮತ್ತ? ಬಿದ್ದ ಮ್ಯಾಲೆ ಎತ್ತಿ ಹಾಸಬೇಕೇನು?" ಎಂದಳು ಸಾರವ್ವ. "ನಿಮ್ಮ ಧಾರವಾಡದಾಗ ತಲಿ ಒಡಕೊಂಡ ಮ್ಯಾಲೆ ಹಾಸ್ತಾರೇನೋ, ನಮಗ ಗೊತ್ತಿಲ್ಲಪಾ."

ನನಗಿಂತ ಹೆಚ್ಚು ಅನುಮಾನವಿದ್ದದ್ದು ನಮ್ಮ ಫಾದರ್ ಬೊನಿಫಾಸ್ ಅವರಿಗೆ. ಖಾನಾಪುರ ಕಡೆಯ ಮುದುಕರು, ಬಯಲುಸೀಮೆಯಲ್ಲೇ ಆಯುಷ್ಯ ಕಳೆದವರು. ತಪಸ್ಸುಕಾಲದಲ್ಲಿ ಅಲ್ಲೇಲೂಯ ಹಾಡಬಾರದೆಂಬುದು ಅವರಿಗೆ ಉಪ್ಪು ತಿಂದಷ್ಟು ಸಹಜ. ಬ್ರದರ್ ಮೊದಲ ದಿನವೇ ಅದನ್ನು ಹಾಡಿಸಿಬಿಟ್ಟಿದ್ದರು. ಶನಿವಾರ ಏನಾದರೂ ಮಾಡಿಕೊಳ್ಳಿ, ಭಾನುವಾರದ ಪೂಜೆಗೆ ಬೇಡ ಎಂದರು ಫಾದರ್. ಆದರೆ ಕೈಗೆ ವಾರ ಗೊತ್ತಾಗುವುದಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆಯ ಹೊತ್ತಿಗೆ ಬಲಿಪೀಠದಲ್ಲಿ ಫಾದರ್ ಎರಡೂ ಕೈ ಚಾಚಿದರೆ ಹೆಂಗಸರ ಕಡೆಯಿಂದಲೂ ಕೈಗಳು ಎದ್ದವು. ಪೂಜೆ ಮುಗಿದ ಮೇಲೆ ಫಾದರ್ ಅಂದರು: "ಅದು ಪಾದ್ರಿ ಮಾಡೂ ಸನ್ನೆ ಐತ್ರಿ. ನೀವೂ ಮಾಡಿದ್ರ ನಾ ಯಾಕಿರಬೇಕು? ನನ್ನ ಕೆಲಸಾನೂ ತಗೋರಿ, ಹಂಗ ನನ್ನ ಮಂಡಿನೋವೂ ತಗೋರಿ." ಜನ ನಕ್ಕರು. ಮುಂದಿನ ಭಾನುವಾರ ಕೈಗಳು ಮತ್ತೆ ಎದ್ದವು.

ಆ ಕೈಗಳಲ್ಲಿ ಅವ್ವನದು ಒಂದೇ ಇರುತ್ತಿತ್ತು. ಬಲಗೈ ಹೊಟ್ಟೆಯ ಹತ್ತಿರ ಮಡಚಿಕೊಂಡೇ ಉಳಿಯುತ್ತಿತ್ತು. ಬ್ರದರ್ ಪ್ರತಿ ಶನಿವಾರ ಆ ಭುಜದ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ನಾನು ಅವರ ಕೈ ಎಲ್ಲಿದೆ, ಎಷ್ಟು ಒತ್ತುತ್ತದೆ, ಕಣ್ಣು ನಿಜವಾಗಿ ಮುಚ್ಚಿದೆಯೇ ಎಂದು ನೋಡುತ್ತಿದ್ದೆ. ದೂರಲು ಒಂದು ಎಳೆಯೂ ಸಿಗಲಿಲ್ಲ. ಸಿಗದಿದ್ದರಿಂದ ಅನುಮಾನ ಇನ್ನೂ ಬೆಳೆಯಿತು.

ಪಾಸ್ಕ ಹಬ್ಬ ಕಳೆದು ಬಿಸಿಲು ಏರಿದ ಒಂದು ಶನಿವಾರ ಅದು ನಡೆಯಿತು. ಅದನ್ನು ಹೇಳುವ ಮೊದಲು ಶೆಡ್ಡಿನ ಒಂದು ರೂಢಿ ಹೇಳಬೇಕು. ಮಗ್ಗಗಳು ಓಡುವಾಗ ಕೂಗಿದರೆ ಪಕ್ಕದವರಿಗೂ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ಕೈಯಲ್ಲೇ. ಯಾರದಾದರೂ ಸೆರಗೋ ಕೂದಲೋ ಮಗ್ಗದ ತಿರುಗುವ ಪಟ್ಟಿಗೆ ಸಿಗುವಂತಿದ್ದರೆ ಕಂಡವರು ಅಂಗೈ ಬಿಡಿಸಿ ಕೈ ನೆಟ್ಟಗೆ ಎತ್ತಬೇಕು. ಅದನ್ನು ಕಂಡವರು ತಾವೂ ಎತ್ತಬೇಕು, ಬಾಯಿ ಮುಚ್ಚಬೇಕು, ಸ್ವಿಚ್ಚಿನ ಹತ್ತಿರ ಇದ್ದವರು ಕರೆಂಟು ತೆಗೆಯಬೇಕು. ಯಾಕೆಂದು ಆಮೇಲೆ ಕೇಳಬೇಕು. ನಮ್ಮ ಚರ್ಚಿನ ಬಹುಪಾಲು ಜನ ಈ ರೂಢಿಯಲ್ಲೇ ಬೆಳೆದವರು. ಬ್ರದರ್ ರೋಶನ್ ಅವರಿಗೆ ಇದು ಗೊತ್ತಿರಲಿಲ್ಲ.

ಅವತ್ತು ಸೆಕೆಗೆ ಯಾರೋ ಶೆಡ್ಡಿನಿಂದ ಒಂದು ಕಾಲುಫ್ಯಾನು ತಂದಿಟ್ಟಿದ್ದರು. ಅದಕ್ಕೆ ಮುಂದಿನ ಜಾಳಿಗೆ ಇರಲಿಲ್ಲ. ಸ್ತೋತ್ರ ಕಾವೇರಿತ್ತು, ಕೀಬೋರ್ಡು, ಢೋಲಕು, ಸ್ಪೀಕರು ಸೇರಿ ತಗಡಿನ ಮಾಡು ನಡುಗುತ್ತಿತ್ತು. ಸಾರವ್ವ ಕಣ್ಣು ಮುಚ್ಚಿ ತೂಗುತ್ತ ತೂಗುತ್ತ ಹಿಂದೆ ಸರಿದಳು. ಅವಳ ಸೆರಗು ಹಾರಿ ಫ್ಯಾನಿನ ಕಡೆ ಹೋಯಿತು. ಮರುಕ್ಷಣ ಅವ್ವನ ಕೈ ಎದ್ದಿತು, ಅಂಗೈ ಬಿಡಿಸಿ, ನೆಟ್ಟಗೆ. ಸುತ್ತಲಿನ ಹೆಂಗಸರ ಕೈ ಎದ್ದವು. ಆಮೇಲೆ ಗಂಡಸರದು. ಢೋಲಕಿನವನೂ ನೇಕಾರನೇ; ಅವನ ಒಂದು ಕೈ ಗಾಳಿಯಲ್ಲೇ ನಿಂತಿತು. ಯಾರೋ ಮೇನ್ ಸ್ವಿಚ್ ತೆಗೆದರು. ಕೀಬೋರ್ಡು ಸತ್ತಿತು, ಸ್ಪೀಕರು ಸತ್ತಿತು, ಫ್ಯಾನು ತಿರುಗಿ ತಿರುಗಿ ನಿಂತಿತು. ಅಂಚಿಗೆ ಸಿಕ್ಕ ಸೆರಗನ್ನು ಸಾರವ್ವ ಬಿಡಿಸಿಕೊಂಡು, ಹರಿದದ್ದು ಯಾರಿಗೂ ಕಾಣದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವೇದಿಕೆಯ ಮೇಲೆ ಬ್ರದರ್ ರೋಶನ್ ಕಣ್ಣು ತೆರೆದರು. ಅವರು ಕಂಡದ್ದು ಇಷ್ಟು: ತುಂಬಿದ ಚರ್ಚು, ಎಲ್ಲರ ಕೈ ಮೇಲೆ, ಒಂದು ಉಸಿರಿನ ಸದ್ದೂ ಇಲ್ಲ. ಅವರು ಮೊಣಕಾಲೂರಿ ಮಗುವಿನ ಹಾಗೆ ಅತ್ತರು. "ಪವಿತ್ರಾತ್ಮರು ಬಂದಿದ್ದಾರೆ," ಎಂದರು. ಆಮೇಲೆ ಅವರ ಕಣ್ಣು ಅವ್ವನ ಮೇಲೆ ನಿಂತಿತು. "ಮಾರ್ಥಮ್ಮಾ! ನಿಮ್ಮ ಕೈ!"

ಯಾರೂ ಅವರಿಗೆ ನಿಜ ಹೇಳಲಿಲ್ಲ. ಯಾಕೆಂದು ಮರುದಿನ ಸಾರವ್ವನನ್ನು ಕೇಳಿದೆ. "ಅಳೂ ಮನಷ್ಯಾಗ ಏನಂತ ಹೇಳೂದೋ? ಫ್ಯಾನಿಂದು ಜಾಳಿಗಿ ಇರಲಿಲ್ರಿ ಅಂತನ?" ಎಂದಳು.

ಪವಿತ್ರಾತ್ಮರು ಇಳಿದುಬಂದದ್ದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬದಂದು, ಕೈ ವಾಸಿಯಾದದ್ದಕ್ಕೆ ಅವ್ವ ಎಲ್ಲರೆದುರು ಸಾಕ್ಷಿ ಹೇಳಬೇಕೆಂದು ನಿಶ್ಚಯವಾಯಿತು. ಮುಧೋಳ, ಬೀಳಗಿ ಕಡೆಯಿಂದಲೂ ಜನ ಬರುವವರಿದ್ದರು. ಅವ್ವ ಜಮಖಂಡಿಯ ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಿದಳು. ಶೆಡ್ಡಿನ ಮಾಲಕರು, ಕೈ ಛಲೋ ಆತಂತಲ್ಲ, ಮಗ್ಗಕ್ಕೆ ಬರಲಿ ಎಂದು ಹೇಳಿಕಳಿಸಿದರು. ಮನೆಯಲ್ಲಿ ಅವಳು ತಲೆ ಬಾಚಿಕೊಳ್ಳುವುದು ಈಗಲೂ ಎಡಗೈಯಿಂದಲೇ ಎಂದು ನಾನು ನೋಡುತ್ತಿದ್ದೆ.

"ಯವ್ವಾ, ನೋವ ಐತೋ ಇಲ್ಲೋ?"

"ಐತಿ, ಇಲ್ಲ ಅಂತ ನಿನಗ್ಯಾಕಲೇ ಹೇಳಬೇಕು. ನೀ ಏನ್ ಹೇಳಿದ್ರೂ ನಂಬಾಂವಲ್ಲ."

"ಮತ್ತ ಅಲ್ಲಿ ನಿಂತ ಏನ್ ಹೇಳಾಕಿ?"

"ಮೈಕ್ ಕೊಡ್ತಾರಂತ. ಕೊಟ್ಟಾಗ ನೋಡೂಣು." ಅವಳ ಮುಖದಲ್ಲಿ ಹಿಗ್ಗಿತ್ತು. ಆಯುಷ್ಯವೆಲ್ಲ ಸದ್ದಿನೊಳಗೆ ಬಾಯಿ ಮುಚ್ಚಿಕೊಂಡು ದುಡಿದವಳು. ಮೈಕ್ ಹಿಡಿಯುವ ಆಸೆಯನ್ನು ನಾನು ಅಂದು ಮೋಸಹೋಗುವ ಲಕ್ಷಣ ಎಂದುಕೊಂಡೆ.

ಫಾದರ್ ನನ್ನನ್ನು ಕರೆಸಿದರು. ಕೈ ಎದ್ದ ಆ ಶನಿವಾರ ಅವರು ಹುನ್ನೂರಿಗೆ ಪೂಜೆಗೆ ಹೋಗಿದ್ದರಿಂದ ಏನೂ ನೋಡಿರಲಿಲ್ಲ. "ಏನಪಾ, ನೀ ಕಲತಾಂವ. ಏನಾತು ಹೇಳು."

ನಾನು ಹೇಳಿದೆ. ಪಾಠ ಮಾಡಿದಂತೆಯೇ ಹೇಳಿದೆ: ಅಪಾಯ ಕಂಡಾಗ ದೇಹ ನೋವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ವರ್ಷಗಟ್ಟಲೆ ರೂಢಿಯಾದ ಸನ್ನೆ ಮನಸ್ಸನ್ನು ಕೇಳದೆ ಕೈಯನ್ನು ಎತ್ತುತ್ತದೆ; ಪವಾಡ ಏನೂ ಇಲ್ಲ.

"ಅಂದ್ರ ಬಲಗೈ ಎದ್ದದ್ದು ಖರೆ?"

"ಖರೇರಿ. ನಾನ ನೋಡೇನಿ."

ಫಾದರ್ ಮಂಡಿ ತಿಕ್ಕಿಕೊಂಡರು. "ಅದು ಆತ್ಮವೋ ಅಭ್ಯಾಸವೋ, ನನಗ ಅದರದಲ್ಲಪಾ ಚಿಂತಿ. ಹಿಂದಕ ಒಂದೂರಾಗ ಒಬ್ಬಾಂವ ಸಕ್ಕರಿ ಬ್ಯಾನಿ ವಾಸಿ ಆತಂತ ಸಾಕ್ಷಿ ಹೇಳಿದ. ಆಮ್ಯಾಲೆ ಗುಳಿಗಿ ಕದ್ದು ತಗೋತಿದ್ದ. ನಾಕ ಮಂದಿ ಮುಂದ ವಾಸಿ ಆತು ಅಂದ ಮ್ಯಾಲೆ ನೋವಾಕೈತಿ ಅನ್ನಾಕ ಬರೂದಿಲ್ಲ. ನಿಮ್ಮವ್ವಗ ಹಂಗ ಆಗಬಾರದು."

ನಾನು ಅಲ್ಲಿಯತನಕ ನಿಜ ಯಾವುದು, ಸುಳ್ಳು ಯಾವುದು ಎಂಬ ಲೆಕ್ಕದಲ್ಲಿದ್ದೆ. ಅವ್ವ ಮುಂದೆ ನರಳಬೇಕಾದಾಗ ಬಾಗಿಲು ಹಾಕಿಕೊಂಡು ನರಳಬೇಕಾದೀತು ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಅಂದಿನಿಂದ ಹಬ್ಬದ ತನಕ ನನಗೆ ಕಳವಳ.

ಪೆಂತೆಕೋಸ್ತಿನ ದಿನ ಮುಗಿಲು ಕವಿದಿತ್ತು. ಪೂಜೆ ಮುಗಿದು ಸಾಕ್ಷಿಯ ಸಮಯ ಬಂತು. ಫಾದರ್ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಅವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು ವೇದಿಕೆ ಏರಿ, ಎಡಗೈಯಲ್ಲಿ ಮೈಕ್ ಹಿಡಿದಳು. ಮೊದಲು ಅದರೊಳಗೆ ಉಫ್ ಎಂದು ಊದಿ ನೋಡಿದಳು. ಜನ ನಕ್ಕರು.

"ನನ್ನ ಹೆಸರು ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲದವರಿಗೆ, ಮಾರ್ಥವ್ವ. ಅವತ್ತ ಈ ಸಾರವ್ವನ ಸೆರಗು ಫ್ಯಾನಿನ್ಯಾಗ ಹೊಂಟಿತ್ತು. ನಾ ಕೈ ಎತ್ತಿದೆ. ನೀವೆಲ್ಲಾ ಕೈ ಎತ್ತಿ ನಿಂತ್ರಿ. ಈಕಿ ಉಳದ್ಲು. ಅದಕ್ಕ ದೇವರಿಗೆ ಸ್ತೋತ್ರ."

"ಅಲ್ಲೇಲೂಯ" ಎಂದರು ಜನ. ಮುಂದಿನ ಸಾಲಿನಲ್ಲಿ ಸಾರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಬ್ರದರ್ ರೋಶನ್ ಅವರ ಮುಖದಲ್ಲಿ ಒಮ್ಮೆ ಗಲಿಬಿಲಿ ಕಂಡಿತು. ಫ್ಯಾನಿನ ಕತೆ ಅವರು ಕೇಳಿದ್ದು ಅದೇ ಮೊದಲು. ಆದರೂ ಹೇಳಿದರು: "ಅಮ್ಮಾ, ದೇವರು ಗುಣಪಡಿಸಿದ ಆ ಕೈಯನ್ನು ಒಮ್ಮೆ ಎತ್ತಿ ತೋರಿಸಿ."

ನಾನು ಬಾಗಿಲು ಬಿಟ್ಟು ಒಳಗೆ ಎರಡು ಹೆಜ್ಜೆ ಬಂದಿದ್ದೆ. ಅವ್ವ ಬಲಗೈಯನ್ನು ಎತ್ತಿದಳು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಅವಳ ತುಟಿ ಬಿಗಿಯಿತು. ಹಲ್ಲು ಕಚ್ಚಿ ಇನ್ನೂ ಎತ್ತಬಹುದಿತ್ತು. ಎತ್ತಿಯೇಬಿಡುತ್ತಾಳೆ ಎಂದು ನಾನು ಹೆದರಿದೆ.

"ಇಷ್ಟ ಆಗ್ತೈತ್ರಿ," ಎಂದಳು ಮೈಕಿನಲ್ಲಿ. "ಇದರ ಮ್ಯಾಲೆ ಹೋದ್ರ ಜೀವಾ ಹೋಗ್ತೈತಿ. ಸೋಮವಾರ ಜಮಖಂಡಿಗೆ ಹೊಕ್ಕೇನಿ. ಮಾಲಕರ ಕಡೀ ಮಂದಿ ಯಾರಾರ ಬಂದಿದ್ರ ಕೇಳಿಸ್ಕೋರಿ, ಮಗ್ಗಕ್ಕ ಇನ್ನೂ ಬರಾಕಾಗೂದಿಲ್ಲ."

ಯಾರೂ ಅಲ್ಲೇಲೂಯ ಎನ್ನಲಿಲ್ಲ. ಬ್ರದರ್ ಮುಂದೆ ಬಂದು, ಭುಜದ ಮಟ್ಟಕ್ಕೇ ನಿಂತಿದ್ದ ಆ ಕೈಯನ್ನು ಕೆಳಗಿನಿಂದ ಹಿಡಿದು ನಿಧಾನಕ್ಕೆ ಇಳಿಸಿದರು. "ಇಷ್ಟಕ್ಕೂ ಸ್ತೋತ್ರ," ಎಂದರು. ಇಷ್ಟು ಬೇಗ ಸಾವರಿಸಿಕೊಂಡದ್ದು ಭಕ್ತಿಯೋ, ವೇದಿಕೆಯ ಅಭ್ಯಾಸವೋ? ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಫಾದರ್ ಬೊನಿಫಾಸ್ ಮಾತ್ರ ಕಟ್ಟಿದ ಕೈ ಬಿಚ್ಚಿದರು.

ಕೊನೆಯ ಹಾಡಿಗೆ ಹೆಂಗಸರ ಕೈಗಳು ಎದ್ದವು. ಅವ್ವನ ಕೈ ನಿಂತಲ್ಲಿಗೇ, ಭುಜದ ಮಟ್ಟಕ್ಕೇ ಎಲ್ಲರ ಕೈ ನಿಂತವು ಎಂದು ನನಗೆ ನೆನಪಿದೆ. ಇಷ್ಟು ಚೆಂದದ ದೃಶ್ಯ ನಿಜವಾಗಿ ನಡೆಯುವುದು ಅಪರೂಪ. ಹಾಗಾಗಿ ಇದನ್ನು ನಾನೇ ಕಟ್ಟಿರಬೇಕು ಎಂದೂ ಅನ್ನಿಸುತ್ತದೆ.

ಮಳೆ ಹಿಡಿಯಿತು. ಬ್ರದರ್ ಬೇರೆ ಊರಿಗೆ ಹೋದರು. ಅವ್ವ ಜಮಖಂಡಿಗೆ ಹೋಗಿಬಂದಳು, ಬೈದುಕೊಳ್ಳುತ್ತಲೇ ಗೋಡೆ ಹತ್ತಿದಳು, ಶನಿವಾರ ಉಳಿದವರ ಜೊತೆ ಸ್ತೋತ್ರವನ್ನೂ ಮಾಡಿದಳು. ಕೈ ಕಿವಿಯ ತನಕ ಬಂತು. ಅದು ಡಾಕ್ಟರದೋ ದೇವರದೋ ಎಂದು ಕೇಳಿದರೆ, "ಕೈ ನಂದು," ಎನ್ನುತ್ತಿದ್ದಳು. ನನಗೆ ಮುಧೋಳದಲ್ಲಿ ಕಾಯಂ ಕೆಲಸ ಸಿಕ್ಕಿತು. ಅವ್ವನೂ ಜೊತೆಗೆ ಬಂದಳು. ತರಗತಿಯಲ್ಲಿ ಸನ್ನೆ, ರೂಢಿ, ಸಮೂಹ ಎಂಬ ಪಾಠ ಬಂದಾಗಲೆಲ್ಲ ಹೆಸರು ಹೇಳದೆ ಅವ್ವನ ಬಲಗೈಯ ಉದಾಹರಣೆ ಕೊಡುತ್ತ ಬಂದಿದ್ದೇನೆ. ಆ ಉದಾಹರಣೆಯ ಬಗ್ಗೆ ವಿದ್ಯಾರ್ಥಿಗಳು ಎಂದೂ ಪ್ರಶ್ನೆ ಕೇಳಿಲ್ಲ.

ಹೋದ ತಿಂಗಳು ಸಾರವ್ವನ ಕಟ್ಟೆಯ ಮೇಲೆ ಅದೇ ಮಾತು ಬಂತು. ಅವ್ವ ಒಳಗೆ ಕೂಸನ್ನು ಎತ್ತಿಕೊಂಡಿದ್ದಳು.

"ನಾ ಕಣ್ಣ ತೆರದಾಗ ಮೊದಲ ಕಂಡಿದ್ದ ನಿಮ್ಮವ್ವನ ಕೈ," ಎಂದಳು ಸಾರವ್ವ. "ಜಪಮಾಲಿ ಜೋತಾಡಾಕತ್ತಿತ್ತು ನೋಡು, ಎತ್ತಿದ ಕೈಯಾಗ."

ಹೌದು. ಜಪಮಾಲೆ ನನಗೂ ನೆನಪಿದೆ. ಆ ನಿಶ್ಶಬ್ದದಲ್ಲಿ ಅಲುಗುತ್ತಿದ್ದದ್ದು ಅದೊಂದೇ. "ಬಲಗೈಯಾಗ," ಎಂದೆ.

"ಎಲ್ಲಿ ಬಲಗೈಯೋ? ಭುಜ ಹಿಡದ ಮ್ಯಾಲೆ ಆಕಿ ಜಪಮಾಲಿ ಹಿಡೀತಿದ್ದದ್ದ ಎಡಗೈಯಾಗ. ನೀನ ದಿನಾ ನೋಡ್ತಿದ್ದಿ, ಮರತೇನು?"

ಮರೆತಿರಲಿಲ್ಲ. ಸಂಜೆ ಜಪ ಮಾಡುವಾಗ ಎಡಗೈಯ ಬೆರಳಲ್ಲಿ ಮಣಿ ಎಣಿಸುತ್ತ ಅವಳು ತಪ್ಪುತ್ತಿದ್ದದ್ದು ನನಗೆ ಚೆನ್ನಾಗಿ ಗೊತ್ತು. ಎತ್ತಿದ ಬಲಗೈಯೂ ಗೊತ್ತು. ಎರಡನ್ನೂ ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದೆ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ಎದ್ದದ್ದು ಎಡಗೈಯಾದರೆ ಪವಾಡವೂ ಇಲ್ಲ, ನನ್ನ ವಿವರಣೆಯೂ ಇಲ್ಲ. ನೋವಿಲ್ಲದ ಕೈಯನ್ನು ಒಬ್ಬ ಹೆಂಗಸು ಎತ್ತಿದಳು, ಅಷ್ಟೇ. ಬಲಗೈ ಎದ್ದಿರಲೇಬೇಕು ಎಂಬುದು ಬ್ರದರ್ ರೋಶನ್ ಅವರಿಗೆ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು. ಆದರೆ ಸಾರವ್ವನ ಮಾತನ್ನಾದರೂ ಹೇಗೆ ನಂಬುವುದು? ಅವಳು ಮುಂದುವರಿದು, "ಫಾದರ್ ಬೊನಿಫಾಸ್ ಅವರೇ ಓಡಿಬಂದು ಸ್ವಿಚ್ ತಗದ್ರು," ಎಂದಳು. ಫಾದರ್ ಅವತ್ತು ಹುನ್ನೂರಿನಲ್ಲಿದ್ದರು. ಅಥವಾ ಇದ್ದರೆಂದು ನನಗೆ ನೆನಪು.

ವಾಪಸು ಬರುವಾಗ ಬಸ್ಸು ಮಹಾಲಿಂಗಪುರ ದಾಟಿದ ಮೇಲೆ ತಡೆಯಲಾಗಲಿಲ್ಲ. "ಯವ್ವಾ, ಅವತ್ತ ಫ್ಯಾನಿನ ಮುಂದ ಯಾವ ಕೈ ಎತ್ತಿದ್ದಿ?"

ಅವ್ವ ಮಡಿಲಲ್ಲಿದ್ದ ಎರಡೂ ಕೈಗಳನ್ನು ನೋಡಿಕೊಂಡಳು. ಎಡಗೈಯನ್ನು ಸ್ವಲ್ಪ ಎತ್ತಿದಳು, ಇಳಿಸಿದಳು. ಬಲಗೈಯನ್ನು ಎತ್ತಿದಳು, ಅದು ಕಿವಿಯ ತನಕ ಹೋಗಿ ನಿಂತಿತು. ಮುಂದಿನ ಸೀಟಿನವನು, ಯಾರೋ ಬಸ್ಸು ನಿಲ್ಲಿಸಲು ಹೇಳುತ್ತಿದ್ದಾರೆಂದು ಹಿಂತಿರುಗಿ ನೋಡಿದ.

"ಯಾವುದೋ ಒಂದ," ಎಂದಳು. "ನೋಡ್ಕೋಂತ ನಿಂತಾಂವ ನೀ. ನನ್ನ ಏನ್ ಕೇಳ್ತಿ? ನಾ ಸಾರವ್ವನ ಸೆರಗ ನೋಡಾಕತ್ತಿದ್ದೆ."